ಡ್ರೋನ್ ಹಾರಿದ ಗೆರೆ, ನಾವು ಎಳೆದ ಗೆರೆ

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಡ್ರೋನ್ ಬಗ್ಗೆ ಮಾತು ಎಂದರೆ ಜನ ಕಾಯುವುದು ಯುದ್ಧದ ಕಥೆಗೆ, ಇಲ್ಲವೇ ಮದುವೆ ವಿಡಿಯೊಗೆ. ನಾನು ಎರಡನ್ನೂ ಬಿಟ್ಟು ಒಂದು ಪ್ರಶ್ನೆಯನ್ನಷ್ಟೇ ಹಿಡಿದುಕೊಂಡು ಬಂದಿದ್ದೇನೆ. ಯಾರೂ ರಿಮೋಟ್ ಆಡಿಸದೆ ತಾನಾಗಿ ಹಾರುವ ಡ್ರೋನಿಗೆ ನಾವು ಒಂದು ದಾರಿ ಕೊಡುತ್ತೇವೆ. ಅದು ಆ ದಾರಿಯಲ್ಲೇ ಹೋಯಿತೇ? ಹೋಯಿತು ಎಂದು ನಮಗೆ ಹೇಗೆ ಗೊತ್ತು?

ದಾರಿ ಎಂದರೆ ಇಲ್ಲಿ ಒಂದು ಪಟ್ಟಿ. ಪಟ್ಟಿಯ ಒಂದೊಂದು ಸಾಲೂ ಒಂದೊಂದು ವೇಪಾಯಿಂಟ್: ಅಕ್ಷಾಂಶ, ರೇಖಾಂಶ, ಎತ್ತರ. ಲ್ಯಾಪ್‌ಟಾಪಿನ ನಕ್ಷೆಯ ಮೇಲೆ ಗುರುತು ಮಾಡಿ ಕಳಿಸಿದರೆ ಡ್ರೋನ್ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹಾರುತ್ತದೆ. ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವ ಆರ್ಡುಪೈಲಟ್ ತಂತ್ರಾಂಶ ಅಕ್ಷಾಂಶ, ರೇಖಾಂಶಗಳನ್ನು ದಶಮಾಂಶದ ಏಳು ಸ್ಥಾನಗಳವರೆಗೆ ಇಟ್ಟುಕೊಳ್ಳುತ್ತದೆ. ನೆಲದ ಮೇಲೆ ಅದು ಸುಮಾರು ಒಂದು ಸೆಂಟಿಮೀಟರ್. ಬರೆದಿಟ್ಟುಕೊಳ್ಳುವುದರಲ್ಲಿ ಏನೂ ಕೊರತೆಯಿಲ್ಲ.

ಡ್ರೋನ್ ಮಾರುವವರ ಬಳಿ ಹೋದರೆ ಮೊದಲು ಕೇಳಿಬರುವ ಮಾತು, "ಸಾರ್, ಎಷ್ಟು ಸೆಂಟಿಮೀಟರ್ ಅಕ್ಯುರಸಿ?" ಈ ಪ್ರಶ್ನೆಗೆ ಒಂದೇ ಉತ್ತರ ಇದೆ ಎಂದುಕೊಳ್ಳುವಲ್ಲಿಂದಲೇ ಗೊಂದಲ ಶುರು. ತಾನು ಎಲ್ಲಿದ್ದೇನೆಂದು ಡ್ರೋನ್ ತಿಳಿದಿರುವುದು ಎಷ್ಟು ಸರಿ ಎಂಬುದು ಒಂದು ವಿಚಾರ. ತಿಳಿದ ಮೇಲೂ ಗೆರೆ ಬಿಡದೆ ಹಾರುವ ತಾಕತ್ತು ಅದಕ್ಕೆಷ್ಟಿದೆ ಎಂಬುದು ಬೇರೆ. ಗೆರೆಯನ್ನೇ ನಾವು ಸರಿಯಾದ ಜಾಗದಲ್ಲಿ ಎಳೆದಿದ್ದೇವೆಯೇ ಎಂಬುದು ಇನ್ನೂ ಬೇರೆ. ಜಾಹೀರಾತಿಗೆ ಬರುವುದು ಮೊದಲನೆಯದು ಮಾತ್ರ. ಕೆಲಸ ಕೆಡುವುದು ಬಹುಮಟ್ಟಿಗೆ ಉಳಿದೆರಡರಿಂದ ಎಂಬುದು ನನ್ನ ವಾದ.

ಮೊದಲು ಒಂದು ಲೆಕ್ಕ ನೋಡೋಣ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಎಯುವಿಎಸ್‌ಐ ಸಂಸ್ಥೆ ವಿದ್ಯಾರ್ಥಿಗಳಿಗಾಗಿ ಸ್ವಯಂಚಾಲಿತ ವಿಮಾನಗಳ ಸ್ಪರ್ಧೆಯನ್ನು ಹಲವು ವರ್ಷ ನಡೆಸಿತು. ಬೆಂಗಳೂರಿನ ನಮ್ಮ ಮೈಸೂರು ರಸ್ತೆಯ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ಜಟಾಯು ತಂಡದಂಥವು ಬೆವರು ಹರಿಸುವುದು ಇಂಥ ಸ್ಪರ್ಧೆಗಳಿಗಾಗಿಯೇ. 2018–19ರ ಸುಮಾರಿನಲ್ಲಿ ಆ ಅಮೆರಿಕದ ಸ್ಪರ್ಧೆಯ ನಿಯಮ ಬಲು ಸರಳ: ವೇಪಾಯಿಂಟಿನಿಂದ 100 ಅಡಿ ದೂರದಲ್ಲಿ ಹಾದುಹೋದರೆ ಸೊನ್ನೆ, ಅದರ ಮೇಲೆಯೇ ಹಾದರೆ ಪೂರ್ಣ ಅಂಕ, ಅಂದರೆ ನೂರಕ್ಕೆ ನೂರು, ನಡುವೆ ಅಡಿಗೊಂದರಂತೆ ಕಡಿತ. ಈಗ ರೆಕ್ಕೆಯ ಡ್ರೋನೊಂದು ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಬರುತ್ತಿದೆ, ಮುಂದೆ ಲಂಬಕೋನದ ತಿರುವು ಇದೆ ಎಂದುಕೊಳ್ಳಿ. ಅದು 30 ಡಿಗ್ರಿ ವಾಲಿ ತಿರುಗಿದರೆ ತಿರುವಿನ ತ್ರಿಜ್ಯ ಸುಮಾರು 40 ಮೀಟರ್. ಮೂಲೆ ಬರುವ ಮುಂಚೆಯೇ ತಿರುಗಲು ತೊಡಗಿ ನಯವಾಗಿ ಮುಂದಿನ ಗೆರೆಗೆ ಸೇರಿಕೊಂಡರೆ, ಮೂಲೆಯಿಂದ ಅದು ಉಳಿದ ದೂರ ಹದಿನಾರೂವರೆ ಮೀಟರ್, ಅಂದರೆ 54 ಅಡಿ. ಕೈಗೆ ಸಿಕ್ಕ ಅಂಕ 46. ಎದೆಗಟ್ಟಿ ಮಾಡಿ 45 ಡಿಗ್ರಿ ವಾಲಿಸಿದರೆ 69. ಮೂಲೆಯನ್ನು ಮುಟ್ಟಿಯೇ ತಿರುಗುತ್ತೇನೆಂದು ಹಟ ಹಿಡಿದರೆ ಅಂಕವೇನೋ ಪೂರ್ತಿ ಬಂತು, ಆದರೆ ಮುಂದಿನ ಗೆರೆಯಿಂದ ಆಚೆಗೆ ಹೋಗಿ ಬೀಳುತ್ತದೆ. ಮರಳಿ ಗೆರೆ ಹಿಡಿಯುವಷ್ಟರಲ್ಲಿ ನೂರಾರು ಮೀಟರ್ ಮುಗಿದಿರುತ್ತದೆ. ಈ ಲೆಕ್ಕದಲ್ಲಿ ಜಿಪಿಎಸ್‌ನ ಎರಡು ಮೀಟರ್ ತಪ್ಪಿನ ಬೆಲೆ ಏಳು ಅಂಕ. ಅದೂ ಕಡಿತವಾಗುತ್ತಿರಲಿಲ್ಲ, ಏಕೆಂದರೆ ತೀರ್ಪುಗಾರರು ದೂರ ಅಳೆಯುತ್ತಿದ್ದುದು ವಿಮಾನವೇ ಕಳಿಸಿದ ಟೆಲಿಮೆಟ್ರಿಯಿಂದ! ತಾನೆಲ್ಲಿದ್ದೇನೆಂದು ವಿಮಾನ ಹೇಳಿತೋ ಅದೇ ಪ್ರಮಾಣ. ಅಲ್ಲಿ ಪರೀಕ್ಷೆಗೆ ಒಳಗಾಗುತ್ತಿದ್ದುದು ಗೆರೆ ಹಿಡಿಯುವ ಕಲೆ ಒಂದೇ.

ಆ ಕಲೆಗೆ ಇಂಥ ಹಲವು ವಿಮಾನಗಳು ಇಂದು ನೆಚ್ಚಿಕೊಂಡಿರುವುದು ಎಂಐಟಿಯ ಪಾರ್ಕ್, ಡೈಸ್ಟ್ ಮತ್ತು ಹೌ ಎಂಬ ಮೂವರು 2004ರಲ್ಲಿ ಪ್ರಕಟಿಸಿದ ಸೂತ್ರವನ್ನು. ಗೆರೆಯ ಮೇಲೆ ತನ್ನಿಂದ ಸ್ವಲ್ಪ ಮುಂದೆ ಒಂದು ಬಿಂದುವನ್ನು ಆರಿಸಿಕೊಂಡು ಅದರ ಬೆನ್ನುಹತ್ತುವುದು. ಆ ಬಿಂದು ಸದಾ ಮುಂದಕ್ಕೆ ಸರಿಯುತ್ತಲೇ ಇರುತ್ತದೆ. ಎಷ್ಟು ಮುಂದೆ ನೋಡಬೇಕು ಎಂಬುದರಲ್ಲಿ ಎಲ್ಲವೂ ಇದೆ. ಸೈಕಲ್ ಕಲಿಯುವ ಹುಡುಗ ಮುಂದಿನ ಚಕ್ರವನ್ನೇ ದಿಟ್ಟಿಸಿದರೆ ಹಾವಾಡಿದಂತೆ ಹೋಗುತ್ತಾನೆ, ಬೀದಿಯ ಕೊನೆಯನ್ನೇ ನೋಡಿದರೆ ತಿರುವಿನಲ್ಲಿ ಮೋರಿಗೆ ಇಳಿಯುತ್ತಾನೆ. ವಿಮಾನದ ಕಥೆಯೂ ಅದೇ. ಇಲ್ಲಿ ಒಂದು ಸ್ಥಳೀಯ ವಿಷಯ ಸೇರಿಸಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಇಲ್ಲಿನ ಗಾಳಿ ಕಡಲತೀರದ ಗಾಳಿಗಿಂತ ಹತ್ತಿರ ಹತ್ತಿರ ಶೇ 10ರಷ್ಟು ತೆಳು. ಗಾಳಿಯಲ್ಲಿನ ವೇಗ ಅಳೆಯುವ ಪಿಟಾಟ್ ನಳಿಕೆ ಅದೇ ವೇಗ ತೋರಿಸಿದರೂ ನಿಜವಾದ ವೇಗ ಹೆಚ್ಚಿರುತ್ತದೆ, ತಿರುವಿನ ತ್ರಿಜ್ಯವೂ ಶೇ 10ರಷ್ಟು ಹಿಗ್ಗುತ್ತದೆ. ಚೆನ್ನೈಯಲ್ಲಿ ಹದ ಮಾಡಿದ ವಿಮಾನವನ್ನು ಕೆಂಗೇರಿಯಲ್ಲಿ ಹಾಗೆಯೇ ಹಾರಿಸುವವರು ಇದನ್ನು ಮರೆಯುತ್ತಾರೆ.

ಇನ್ನು ಗಾಳಿಯ ವಿಷಯ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಬೀಸುವುದು ಪಡುವಣ ಗಾಳಿ. ನೂರು ಮೀಟರ್ ಮೇಲೆ ಅದು ಸೆಕೆಂಡಿಗೆ 8 ಮೀಟರ್ ಇದೆ ಎಂದುಕೊಳ್ಳಿ. ನಮ್ಮ ವಿಮಾನದ ಸ್ವಂತ ವೇಗ 15. ಗಾಳಿಯ ಜೊತೆ ಪೂರ್ವಕ್ಕೆ ಹೋಗುವಾಗ ನೆಲದ ಮೇಲಿನ ವೇಗ 23, ಎದುರಾಗಿ ಬರುವಾಗ 7. ತಿರುವಿನ ತ್ರಿಜ್ಯ ವೇಗದ ವರ್ಗದಂತೆ ಬೆಳೆಯುವುದರಿಂದ, ಗಾಳಿ ಬೆನ್ನಿಗಿರುವಾಗ ತಿರುಗಲು ಹೊರಟರೆ ನಿಶ್ಚಲ ಗಾಳಿಯ 40 ಮೀಟರ್ ಇಲ್ಲಿ 90 ದಾಟುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಸರ್ವೆ ಗೆರೆಗಳನ್ನು ಉತ್ತರ–ದಕ್ಷಿಣವಾಗಿ ಹಾಕಿ, ಪೂರ್ವದ ಅಂಚಿನಿಂದ ಶುರುಮಾಡಿ ಪಶ್ಚಿಮಕ್ಕೆ ಸರಿಯುತ್ತ ಹೋಗುವುದು ಜಾಣತನ: ಪ್ರತಿ ತಿರುವೂ ಗಾಳಿಗೆ ಮುಖ ಕೊಟ್ಟೇ ಆಗುತ್ತದೆ. ಇದಕ್ಕೂ ಬೆಲೆ ತೆರಬೇಕು. ಅಡ್ಡಗಾಳಿಯಲ್ಲಿ ಗೆರೆ ಹಿಡಿಯಲು ವಿಮಾನ ಮೂತಿಯನ್ನು 32 ಡಿಗ್ರಿಯಷ್ಟು ಪಶ್ಚಿಮಕ್ಕೆ ತಿರುಗಿಸಿಕೊಂಡೇ ಏಡಿಯಂತೆ ಹೋಗುತ್ತದೆ, ಹೊಟ್ಟೆಯಲ್ಲಿ ಬಿಗಿದ ಕ್ಯಾಮೆರಾ ಚಿತ್ರವೂ ಅಷ್ಟೇ ವಾರೆ. ಹಾರಿದ ಗೆರೆ ನೆಟ್ಟಗಿದ್ದೂ ತೆಗೆದ ಚಿತ್ರ ಸೊಟ್ಟಗಾಗುವುದು ಹೀಗೆ.

ನಾಲ್ಕು ರೆಕ್ಕೆಚಕ್ರಗಳ ಡ್ರೋನಿಗೆ ತಿರುವಿನ ಕಷ್ಟ ಕಡಿಮೆ. ಬೇಕಾದಲ್ಲಿ ನಿಂತು ತಿರುಗುತ್ತದೆ. ಅದಕ್ಕೆ ದಿಕ್ಸೂಚಿಯದು ಚಿಂತೆ. ವಿಜಯನಗರ, ಅತ್ತಿಗುಪ್ಪೆ, ಕೆಂಗೇರಿಯ ಮೇಲೆ ಹಾದುಹೋಗುವ ನಮ್ಮ ಮೆಟ್ರೊಗೆ ವಿದ್ಯುತ್ ಬರುವುದು ಪಕ್ಕದ ಮೂರನೇ ಹಳಿಯಿಂದ, 750 ವೋಲ್ಟ್ ನೇರ ಪ್ರವಾಹ. ರೈಲು ಹೊರಡುವಾಗ ಅದರಲ್ಲಿ ಹರಿಯುವ ಭಾರೀ ಕರೆಂಟು, ಮೇಲ್ಸೇತುವೆಯ ಒಳಗಿನ ಉಕ್ಕು, ಎರಡೂ ಹತ್ತಿರದ ದಿಕ್ಸೂಚಿಯನ್ನು ಕೆಡಿಸುತ್ತವೆ. ದಿಕ್ಕು ತಪ್ಪಾಗಿ ತಿಳಿದ ಡ್ರೋನ್ ನಿಂತ ಜಾಗವನ್ನು ಉಳಿಸಿಕೊಳ್ಳಲು ಹೋಗಿ ಸುತ್ತು ಹಾಕುತ್ತ ಅಗಲವಾಗುತ್ತದೆ. ಹಾರಿಸುವವರು ಇದನ್ನು 'ಟಾಯ್ಲೆಟ್ ಬೌಲಿಂಗ್' ಎನ್ನುತ್ತಾರೆ. ಸಭ್ಯ ಹೆಸರೊಂದು ಇನ್ನೂ ಹುಟ್ಟಿಲ್ಲ. ಮೆಟ್ರೊ ಪಕ್ಕ ಹಾರಿಸಬಾರದು ಎಂಬುದಕ್ಕೆ ಭದ್ರತೆಯ ಕಾರಣಗಳ ಜೊತೆಗೆ ಇದೂ ಒಂದು.

ಎತ್ತರದ ವಿಷಯಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ. ವೇಪಾಯಿಂಟಿನ ಮೂರು ಸಂಖ್ಯೆಗಳಲ್ಲಿ ಅತ್ಯಂತ ಕಡಿಮೆ ಗಮನ ಸಿಗುವುದೂ ಅತಿ ಹೆಚ್ಚು ಅನಾಹುತ ಮಾಡುವುದೂ ಅದೇ. ಎತ್ತರ 100 ಎಂದು ಬರೆದಿರಿ. ಎಲ್ಲಿಂದ 100? ಹಾರಲು ಶುರುಮಾಡಿದ ಜಾಗದಿಂದಲೇ, ಕೆಳಗಿರುವ ನೆಲದಿಂದಲೇ, ಸಮುದ್ರಮಟ್ಟದಿಂದಲೇ, ಉಪಗ್ರಹಗಳು ಲೆಕ್ಕ ಹಾಕುವ ಗಣಿತದ ಭೂಮಿಯಿಂದಲೇ? ಕೊನೆಯದನ್ನು ಬಿಡಿಸಿ ಹೇಳಬೇಕು. ಜಿಪಿಎಸ್ ಭೂಮಿಯನ್ನು ನುಣುಪಾದ, ತುಸು ಚಪ್ಪಟೆಯಾದ ಗೋಳವೆಂದು ಎಣಿಸಿ ಅದರ ಮೇಲ್ಮೈಯಿಂದ ಎತ್ತರ ಅಳೆಯುತ್ತದೆ. ಸಮುದ್ರಮಟ್ಟವೋ ಗುರುತ್ವಾಕರ್ಷಣೆ ಎಳೆದಂತೆ ಏರಿಳಿಯುವ ಮೇಲ್ಮೈ. ಶ್ರೀಲಂಕೆಯ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ, ಲೋಕದಲ್ಲೇ ಅತಿ ಆಳವಾದ ಗುರುತ್ವದ ತಗ್ಗು ಇದೆ; ಅಲ್ಲಿ ಸಮುದ್ರಮಟ್ಟ ಆ ಗಣಿತದ ಮೇಲ್ಮೈಗಿಂತ ನೂರು ಮೀಟರಿಗೂ ಕೆಳಗೆ. ಆ ತಗ್ಗಿನ ಇಳಿಜಾರಿನಲ್ಲಿ ನಾವೂ ಇದ್ದೇವೆ. ಬೆಂಗಳೂರಿನಲ್ಲಿ ವ್ಯತ್ಯಾಸ ಸುಮಾರು 86 ಮೀಟರ್. ನಕ್ಷೆ 920 ಎನ್ನುವ ಜಾಗವನ್ನು ಉಪಗ್ರಹದ ಕಚ್ಚಾ ಲೆಕ್ಕ 834 ಎನ್ನುತ್ತದೆ. ಒಂದು ಫೈಲಿನಲ್ಲಿ ಒಂದು ಬಗೆಯ ಎತ್ತರ, ಇನ್ನೊಂದರಲ್ಲಿ ಇನ್ನೊಂದು ಬಗೆಯದು ಸೇರಿಹೋದರೆ ಡ್ರೋನ್ 86 ಮೀಟರ್ ಮೇಲೆಯೋ ಕೆಳಗೋ ಹಾರಲು ಹೊರಡುತ್ತದೆ. ಯುರೋಪಿನ ಬಹುಭಾಗದಲ್ಲಿ ಈ ವ್ಯತ್ಯಾಸ ಇದರ ಅರ್ಧದಷ್ಟೇ, ಅದೂ ಮೇಲ್ಮುಖವಾಗಿ. ಅಲ್ಲಿನವರು ಬರೆದ ಕೈಪಿಡಿಯ ಉದಾಹರಣೆಯನ್ನು ಇಲ್ಲಿ ನಕಲು ಮಾಡುವವರು ಚಿಹ್ನೆಯನ್ನೂ ನೋಡಿಕೊಳ್ಳಬೇಕು.

ಹಾಗಾದರೆ ಗಾಳಿಯ ಒತ್ತಡ ಅಳೆಯುವ ಬಾರೋಮೀಟರನ್ನೇ ನಂಬೋಣ ಎನ್ನುವವರಿದ್ದಾರೆ. ಹೆಚ್ಚಿನ ಡ್ರೋನ್‌ಗಳು ನಂಬುವುದೂ ಅದನ್ನೇ. ಉಷ್ಣವಲಯದ ವಾತಾವರಣಕ್ಕೆ ಒಂದು ದಿನಚರಿ ಇದೆ: ಬೆಳಿಗ್ಗೆ 10ರ ಸುಮಾರಿಗೆ ಒತ್ತಡ ಏರಿರುತ್ತದೆ, ಸಂಜೆ 4ರ ಹೊತ್ತಿಗೆ ಇಳಿದಿರುತ್ತದೆ, ರಾತ್ರಿ ಮತ್ತೆ ಅದೇ ಆಟ. ನಮ್ಮಲ್ಲಿ ಈ ಏರಿಳಿತ ಮೂರು–ನಾಲ್ಕು ಹೆಕ್ಟೊಪಾಸ್ಕಲ್. ಇಲ್ಲಿನ ಎತ್ತರದಲ್ಲಿ ಒಂದು ಹೆಕ್ಟೊಪಾಸ್ಕಲ್ ಅಂದರೆ ಸುಮಾರು 9 ಮೀಟರ್. ಬೆಳಿಗ್ಗೆ ಸೊನ್ನೆ ಮಾಡಿದ ಬಾರೋಮೀಟರನ್ನು ಸಂಜೆ ನಂಬಿದರೆ 30 ಮೀಟರಿನ ತಪ್ಪು, ಡ್ರೋನ್ ಕದಲದೆ ಮೇಜಿನ ಮೇಲೆ ಕೂತಿದ್ದರೂ. ಇಪ್ಪತ್ತು ನಿಮಿಷದ ಒಂದೇ ಹಾರಾಟದಲ್ಲಿ ಎರಡು–ಮೂರು ಮೀಟರ್ ಜಾರಬಹುದು. ವೃಷಭಾವತಿ ಕಣಿವೆಯ ತಳದಿಂದ ಹೊರಟು ದಿಣ್ಣೆಯ ಕಡೆಗೆ ಹಾರುವಾಗ ನೆಲವೇ ಮೇಲೇರಿ ಬರುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ. 2021ರ ಡ್ರೋನ್ ನಿಯಮಗಳು ಹಸಿರು ವಲಯದಲ್ಲಿ ಕೊಡುವ ಮೇಲ್ಮಿತಿ 400 ಅಡಿ, ಅಂದರೆ 120 ಮೀಟರ್. ರಾಜಾಜಿನಗರದ ಅಂಚಿನಲ್ಲಿರುವ ವರ್ಲ್ಡ್ ಟ್ರೇಡ್ ಸೆಂಟರ್ ಕಟ್ಟಡವೇ ಅದಕ್ಕಿಂತ ಎತ್ತರ.

ಈಗ ತಾನೆಲ್ಲಿದ್ದೇನೆ ಎಂಬ ಪ್ರಶ್ನೆ. ಇದರ ಭಾರತೀಯ ಉತ್ತರದ ಒಂದು ಭಾಗ ನಮ್ಮ ಕಡೆಯಲ್ಲೇ, ಕೆಂಗೇರಿ ದಾಟಿ ಹೋದರೆ ಸಿಗುವ ಬ್ಯಾಲಾಳುವಿನಲ್ಲಿದೆ. ಚಂದ್ರಯಾನ-1ರ ಜೊತೆ ಮಾತನಾಡಲು 2008ರಲ್ಲಿ ಅಲ್ಲಿ ಎದ್ದ 32 ಮೀಟರ್ ವ್ಯಾಸದ ಆಂಟೆನಾವನ್ನು ಎಲ್ಲರೂ ಬಲ್ಲರು. ಅದೇ ಆವರಣದಲ್ಲಿ 2013ರ ಮೇ ತಿಂಗಳಲ್ಲಿ ಇಸ್ರೊದ ಪಥದರ್ಶಕ ಕೇಂದ್ರ ಶುರುವಾಯಿತು. ಜಿಪಿಎಸ್‌ನಂಥ ನಮ್ಮದೇ ನಾವಿಕ್ ಉಪಗ್ರಹ ವ್ಯವಸ್ಥೆಗೆ ಕಾಲ ಹೇಳುವುದು ಆ ಕೇಂದ್ರ. ಇಲ್ಲಿ ದೂರ ಅಂದರೆ ಕಾಲ: ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ 30 ಸೆಂಟಿಮೀಟರ್ ಹೋಗುತ್ತದೆ, ಆದ್ದರಿಂದ ಗಡಿಯಾರದ ನೂರು ಕೋಟಿಯಲ್ಲೊಂದು ಸೆಕೆಂಡಿನ ತಪ್ಪು ನೆಲದಲ್ಲಿ ಒಂದಡಿ. ನಾವಿಕ್‌ನ ಮೊದಲ ಉಪಗ್ರಹದ ಮೂರೂ ರುಬಿಡಿಯಂ ಗಡಿಯಾರಗಳು ಕೆಟ್ಟು ಅದು ಪಥದರ್ಶನಕ್ಕೆ ನಿರುಪಯುಕ್ತವಾದದ್ದು, ಬದಲಿಯಾಗಿ 2017ರ ಆಗಸ್ಟ್‌ನಲ್ಲಿ ಹಾರಿಸಿದ್ದು ಉಷ್ಣಕವಚ ಕಳಚದೆ ಸಿಕ್ಕಿಕೊಂಡದ್ದು, 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01ರಲ್ಲಿ ನಮ್ಮದೇ ಗಡಿಯಾರ ಹೋದದ್ದು, 2025ರ ಜನವರಿಯಲ್ಲಿ ಹೋದ ಎನ್‌ವಿಎಸ್-02 ಉದ್ದೇಶಿತ ಕಕ್ಷೆ ಮುಟ್ಟದೇ ಹೋದದ್ದು ನಿಮಗೆ ನೆನಪಿರಬಹುದು. ನಮ್ಮ ಆಕಾಶದ ಮೇಲೆ ಸದಾ ನಿಂತಿರುವಂಥ ಕಕ್ಷೆಗಳನ್ನು ಆರಿಸಿಕೊಂಡದ್ದು ಒಳ್ಳೆಯ ಯೋಚನೆಯೇ. ಆದರೆ ಇಂದು ಡ್ರೋನ್ ಹಾರಿಸುವವರು ನಾವಿಕನ್ನು ಜಿಪಿಎಸ್ ಮತ್ತಿತರ ವ್ಯವಸ್ಥೆಗಳ ಜೊತೆ ಬೆರೆಸಿಯೇ ಬಳಸಬೇಕು.

ಸೆಂಟಿಮೀಟರಿನ ಮಾತು ಬರುವುದು ಆರ್‌ಟಿಕೆಯಿಂದ. ಗೊತ್ತಿರುವ ಜಾಗದಲ್ಲಿ ಇನ್ನೊಂದು ರಿಸೀವರ್ ಇಟ್ಟು, ಎರಡೂ ಕೇಳಿದ ರೇಡಿಯೊ ಅಲೆಗಳನ್ನು ಹೋಲಿಸಿ, ಎರಡಕ್ಕೂ ಸಮಾನವಾದ ತಪ್ಪುಗಳನ್ನು ಕಳೆಯುವುದು. ಅಲೆಯ ಉದ್ದವೇ 19 ಸೆಂಟಿಮೀಟರ್, ಅದರ ಸಣ್ಣ ಭಾಗವನ್ನೂ ಓದಬಹುದು. 2024ರ ದಸರೆಯಲ್ಲಿ ಮೈಸೂರಿನ ಬನ್ನಿಮಂಟಪದ ಮೇಲೆ 1,500 ಡ್ರೋನ್‌ಗಳು ಚಿತ್ತಾರ ಬಿಡಿಸಿದವಲ್ಲ, ಅಂಥ ಪ್ರದರ್ಶನಗಳಲ್ಲಿ ಒಂದಕ್ಕೊಂದು ತಾಗದಂತೆ ಕಾಯುವುದು ಇದೇ ವಿದ್ಯೆ. ಆದರೆ ನಾವಿರುವ ಜಾಗ ಇದಕ್ಕೆ ಅಷ್ಟೇನೂ ಅನುಕೂಲವಲ್ಲ. ಭೂಮಿಯ ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಮೇಲೆ ಹಾದುಹೋಗುತ್ತದೆ. ಅಯಾನುಗೋಳ ಅಲ್ಲಿಂದ ಉಬ್ಬಿ ಎದ್ದು, ಭೋಪಾಲ–ಅಹಮದಾಬಾದಿನ ಮೇಲೆ ದಟ್ಟವಾಗಿ ಇಳಿಯುತ್ತದೆ. ನಾವು ಈ ಇಳಿಜಾರಿನ ನಡುವೆ ಇದ್ದೇವೆ. ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಸೂರ್ಯ ಮುಳುಗಿ ಒಂದೆರಡು ಗಂಟೆಗೆ, ಅದರಲ್ಲಿ ಗುಳ್ಳೆಗಳೆದ್ದು ಸಿಗ್ನಲ್ ಮಿನುಗತೊಡಗುತ್ತದೆ. ವಿಮಾನಗಳಿಗಾಗಿ ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ, ಜಿಪಿಎಸ್ ತಪ್ಪುಗಳನ್ನು ತಿದ್ದುವ ಗಗನ್ ವ್ಯವಸ್ಥೆ ಹೆಚ್ಚು ತಲೆ ಕೆಡಿಸಿಕೊಂಡದ್ದೂ ಇದರ ಬಗ್ಗೆಯೇ. ಅದರ ಮುಖ್ಯ ನಿಯಂತ್ರಣ ಕೇಂದ್ರವೂ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ.

ಮೂರನೆಯದು, ಗೆರೆಯೇ ಸರಿಯಾದ ಜಾಗದಲ್ಲಿದೆಯೇ ಎಂಬ ಪ್ರಶ್ನೆ. 1800ನೇ ಇಸವಿಯ ಕೊನೆಯಲ್ಲಿ ವಿಲಿಯಂ ಲ್ಯಾಂಬ್ಟನ್ ಉಕ್ಕಿನ ಸರಪಳಿ ಹಿಡಿದು ಬೆಂಗಳೂರಿನ ಅಗರದಿಂದ ಕೃಷ್ಣರಾಜಪುರದವರೆಗೆ ಏಳು ಮೈಲಿಗೂ ಹೆಚ್ಚು ಉದ್ದದ ಗೆರೆಯನ್ನು ಅಳೆದ. ಭಾರತದ ಮಹಾ ತ್ರಿಕೋನಮಿತಿ ಸರ್ವೆಗೆ ಅದು ಪೀಠಿಕೆ. ಅವನ ಉತ್ತರಾಧಿಕಾರಿ ಎವರೆಸ್ಟ್ 1830ರಲ್ಲಿ ಲೆಕ್ಕ ಹಾಕಿದ ಭೂಮಿಯ ಆಕಾರವನ್ನೇ ನಮ್ಮ ಹಳೆಯ ಸರ್ವೆ ನಕ್ಷೆಗಳು ಬಳಸುತ್ತಾ ಬಂದವು. ಆ ನಕ್ಷೆಯಿಂದ ಅಕ್ಷಾಂಶ, ರೇಖಾಂಶಗಳನ್ನು ಓದಿ, ಪರಿವರ್ತಿಸದೆ ಡ್ರೋನಿಗೆ ಕೊಟ್ಟರೆ ಬೆಂಗಳೂರಿನಲ್ಲಿ ಸುಮಾರು 200 ಮೀಟರ್ ಆಚೆ ಹೋಗುತ್ತದೆ. ಮೂವತ್ತು–ನಲವತ್ತರ ಸೈಟುಗಳ ಬಡಾವಣೆಯಲ್ಲಿ ಅದು ಎಷ್ಟು ಮನೆ ಎಂದು ನೀವೇ ಎಣಿಸಿ. ಹೊಸ ನಿರ್ದೇಶಾಂಕಗಳೂ ಸ್ಥಿರವಲ್ಲ. ಭಾರತದ ಭೂಫಲಕ ಈಶಾನ್ಯಕ್ಕೆ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಸರಿಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕಾಯಂ ಜಿಪಿಎಸ್ ಕೇಂದ್ರ 1990ರ ದಶಕದಿಂದ ಈ ಚಲನೆಯನ್ನು ಬರೆದುಕೊಳ್ಳುತ್ತಲೇ ಇದೆ. ಇಪ್ಪತ್ತು ವರ್ಷದ ಹಿಂದೆ ಕರಾರುವಾಕ್ಕಾಗಿ ಅಳೆದ ಗಡಿಕಲ್ಲು ಜಾಗತಿಕ ಲೆಕ್ಕದಲ್ಲಿ ಇಂದು ಒಂದು ಮೀಟರ್ ಆಚೆ ಇದೆ. ಕಲ್ಲನ್ನು ಯಾರೂ ಕಿತ್ತಿಲ್ಲ.

ಇದೆಲ್ಲ ಜನರ ಬದುಕಿಗೆ ತಾಗುವುದು ಭೂಮಾಪನದಲ್ಲಿ. ಕರ್ನಾಟಕದ ಭೂಮಾಪನ ಇಲಾಖೆ ರಾಮನಗರದಲ್ಲೂ ಜಯನಗರ 4ನೇ ಬ್ಲಾಕಿನಲ್ಲೂ ಡ್ರೋನ್ ಸರ್ವೆಯ ಪ್ರಯೋಗ ನಡೆಸಿತ್ತು. 2020ರ ಏಪ್ರಿಲ್ 24ರಂದು ಕೇಂದ್ರದ ಸ್ವಾಮಿತ್ವ ಯೋಜನೆ ಬಂತು. ಮೊದಲ ಹಂತದ ರಾಜ್ಯಗಳಲ್ಲಿ ನಮ್ಮದೂ ಒಂದು. ಗ್ರಾಮಠಾಣಾದ ಮನೆಗಳ ಗಡಿಗೆ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿ, ಮೇಲಿಂದ ಡ್ರೋನ್ ಹಾರಿಸಿ, 1:500 ಅಳತೆಯ ನಕ್ಷೆ ಮಾಡಿ, ಆಸ್ತಿ ಕಾರ್ಡು ಕೊಡುವುದು.

ಇಂಥ ಸರ್ವೆಯಲ್ಲಿ ಡ್ರೋನ್ ಗೆರೆ ಬಿಟ್ಟು ಹೋದರೆ ಏನಾಗುತ್ತದೆ? ಹೆಚ್ಚುಕಡಿಮೆ ಏನೂ ಆಗುವುದಿಲ್ಲ. 120 ಮೀಟರ್ ಎತ್ತರದಿಂದ ಒಂದಿಂಚಿನ ಸೆನ್ಸರಿನ ಕ್ಯಾಮೆರಾ ಸುಮಾರು 180 ಮೀಟರ್ ಅಗಲವನ್ನು ನೋಡುತ್ತದೆ. ಪಕ್ಕದ ಚಿತ್ರಗಳು ಶೇ 70ರಷ್ಟು ಒಂದರ ಮೇಲೊಂದು ಬರುವಂತೆ ಹಾರಿದರೆ ಗೆರೆಗಳ ನಡುವಿನ ಅಂತರ 54 ಮೀಟರ್. ಎರಡು ಮೀಟರ್ ಅತ್ತಿತ್ತಾದರೆ ಆ ಶೇ 70 ಎಂಬುದು 69ಕ್ಕೆ ಇಳಿಯುತ್ತದೆ, ಅಷ್ಟೇ. ಬೇಕಾದ್ದು ಬೇರೆ: ಪ್ರತಿ ಚಿತ್ರ ತೆಗೆದ ಕ್ಷಣದಲ್ಲಿ ಕ್ಯಾಮೆರಾ ಎಲ್ಲಿತ್ತು ಎಂಬುದು ಗೊತ್ತಿರಬೇಕು, ಅದನ್ನು ಹಾರಾಟ ಮುಗಿದ ಮೇಲೂ ಲೆಕ್ಕ ಹಾಕಬಹುದು. ಸೆಕೆಂಡಿಗೆ 15 ಮೀಟರ್ ಹೋಗುವಾಗ ಶಟರ್ ತೆರೆದ ಕ್ಷಣವನ್ನು ಸೆಕೆಂಡಿನ ನೂರನೇ ಒಂದು ಪಾಲು ತಪ್ಪಾಗಿ ಬರೆದುಕೊಂಡರೆ 15 ಸೆಂಟಿಮೀಟರ್ ಹೋಯಿತು. ಆರ್‌ಟಿಕೆಗೆ ಸುರಿದ ಹಣ ಅಗ್ಗದ ಶಟರ್ ತಂತಿಯಲ್ಲಿ ಸೋರಿಹೋಗುವುದು ಇಲ್ಲಿ. ಇದಕ್ಕೆ ತದ್ವಿರುದ್ಧ, 2021ರ ನವೆಂಬರ್ 13ರಂದು ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ (ಎನ್‌ಎಎಲ್) ಆಕ್ಟಾಕಾಪ್ಟರ್ ಚಂದಾಪುರದಿಂದ ಹಾರಗದ್ದೆಯ ಆರೋಗ್ಯ ಕೇಂದ್ರಕ್ಕೆ 50 ಬಾಟಲಿ ಕೋವಿಡ್ ಲಸಿಕೆ ಒಯ್ದದ್ದು. ಅದು ಎಲ್ಲಿತ್ತು ಎಂದು ಆಮೇಲೆ ಸೆಂಟಿಮೀಟರಿನಲ್ಲಿ ತಿಳಿದು ಪ್ರಯೋಜನವಿಲ್ಲ; ತಂತಿ, ಮರ, ಗೋಪುರ ತಪ್ಪಿಸಿ ಆ ಗಳಿಗೆಯಲ್ಲೇ ದಾರಿ ಹಿಡಿದಿರಬೇಕು, ಅಲ್ಲಿ ಒಂದು ಮೀಟರ್ ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಒಂದೇ ಟೆಂಡರ್ ಭಾಷೆಯಲ್ಲಿ ಎರಡೂ ಕೆಲಸಕ್ಕೆ "ಐದು ಸೆಂಟಿಮೀಟರ್" ಎಂದು ಬರೆಯುವವರು ಒಂದಕ್ಕೆ ಬೇಡದ್ದನ್ನು ಕೊಳ್ಳುತ್ತಾರೆ, ಇನ್ನೊಂದಕ್ಕೆ ಬೇಕಾದ್ದನ್ನು ಕೇಳುವುದೇ ಇಲ್ಲ.

ಹಾಗೆಂದು ಸರ್ವೆಯ ನಕ್ಷೆ ತಪ್ಪುವುದಿಲ್ಲವೇ? ತಪ್ಪುತ್ತದೆ, ಹಾರಾಟಕ್ಕೆ ಸಂಬಂಧವೇ ಇಲ್ಲದ ಕಡೆ. ಡ್ರೋನಿಗೆ ಮೇಲಿಂದ ಕಾಣುವುದು ಸೂರು, ಗೋಡೆಯಲ್ಲ. ಹೆಂಚಿನ ಮನೆಯ ಸೂರು ಗೋಡೆಯಿಂದ ಒಂದೆರಡು ಅಡಿ ಹೊರಚಾಚಿರುತ್ತದೆ. ಚಿತ್ರದ ಚುಕ್ಕೆ ಐದು ಸೆಂಟಿಮೀಟರ್ ಇರಬಹುದು, ಗಡಿ ಅರವತ್ತು ಸೆಂಟಿಮೀಟರ್ ಪಕ್ಕದ ಮನೆಯವರ ಓಣಿಗೆ ಇಳಿದಿರುತ್ತದೆ. ಅದಕ್ಕೇ ಸುಣ್ಣದ ಗೆರೆ, ಅದಕ್ಕೇ ಸರ್ವೇಯರ್ ನಕ್ಷೆ ಹಿಡಿದು ಮನೆಮನೆಗೆ ನಡೆಯುವುದು. ಹದ್ದುಬಸ್ತು, ಪೋಡಿ ಮಾಡಿ ಪಳಗಿದ ಹಳೆಯ ಸರ್ವೇಯರ್ ಸೂರು ಕಂಡ ಕೂಡಲೇ ಟೇಪು ಬಿಚ್ಚುತ್ತಾನೆ.

ಕರಡು ನಕ್ಷೆಗೆ ಆಕ್ಷೇಪಣೆ ಸಲ್ಲಿಸುವ ಅವಕಾಶ ಯೋಜನೆಯಲ್ಲಿದೆ. ಆದರೆ ಆಕ್ಷೇಪಿಸುವವನ ಕೈಯಲ್ಲಿ ಇರುವುದು ಮುಗಿದ ನಕ್ಷೆಯೊಂದೇ. ನನ್ನ ಬೇಡಿಕೆ ಇಷ್ಟು: ನಕ್ಷೆಯ ಅಂಚಿನಲ್ಲಿ ಹಾರಾಟದ ದಿನಾಂಕ, ಭೂಮಿಯ ಯಾವ ಆಕಾರದ ಲೆಕ್ಕ, ಯಾವ ವರ್ಷದ ನಿರ್ದೇಶಾಂಕ, ಎತ್ತರ ಎಲ್ಲಿಂದ, ನೆಲದಲ್ಲಿ ಬೇರೆಯಾಗಿ ಅಳೆದು ತಾಳೆ ನೋಡಿದ ಬಿಂದುಗಳಲ್ಲಿ ಬಂದ ವ್ಯತ್ಯಾಸ ಎಷ್ಟು ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಬೇಕು, ಡ್ರೋನಿನ ಲಾಗ್ ಫೈಲು ಕೇಳಿದವರಿಗೆ ಸಿಗಬೇಕು. ಆ ಫೈಲನ್ನು ಓದಬಲ್ಲ ಹುಡುಗರು, ಹುಡುಗಿಯರು ಈ ಭಾಗದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬೇಕಾದಷ್ಟಿದ್ದಾರೆ. ಗ್ರಾಮ ಪಂಚಾಯಿತಿಯೊಂದು ಅವರನ್ನು ಕರೆಸಿ, ತಾಳೆ ಬಿಂದುಗಳ ಮೇಲೆ ರಿಸೀವರ್ ಇಡಿಸಿ, ಇಲಾಖೆಯ ಅಂಕಿಯ ಪಕ್ಕ ತನ್ನ ಅಂಕಿಯನ್ನೂ ಬರೆಸಿಕೊಳ್ಳಲು ಹೆಚ್ಚು ದಿನ ಬೇಕಿಲ್ಲ.